ಪತ್ತು ಕಳೆದವರು, ಪತ್ತು ಗಳಿಸಿದವರು: ಉದರಿ ಪುಸ್ತಕದಿಂದ ಕ್ರೆಡಿಟ್ ಕಾರ್ಡಿನವರೆಗೆ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನ ನಾಲತವಾಡದಲ್ಲಿ ಹಿರಿಯರೊಬ್ಬರನ್ನು ನಿಲ್ಲಿಸಿ ‘ಕ್ರೆಡಿಟ್ ಸ್ಕೋರ್ ಎಂದರೇನು?’ ಎಂದು ಕೇಳಿದರೆ ಅವರು ನಕ್ಕು ಮುಂದೆ ಹೋಗಬಹುದು. ‘ಪತ್ತು ಎಂದರೇನು?’ ಎಂದು ಕೇಳಿ ನೋಡಿ. ಉತ್ತರ ಥಟ್ಟನೆ ಬರುತ್ತದೆ. ‘ಅಂವಂಗ ಪ್ಯಾಟ್ಯಾಗ ಪತ್ತು ಐತಿ’ ಎಂದರೆ, ಆತ ಕೈಯಲ್ಲಿ ಕಾಸಿಲ್ಲದೆ ಹೋದರೂ ಅಂಗಡಿಯವನು ಸಾಮಾನು ಕೊಟ್ಟು ಕಳಿಸುತ್ತಾನೆ ಎಂದರ್ಥ. ಪತ್ತು ಹೋಯಿತೆಂದರೆ ಉದರಿ ನಿಂತಿತು, ಕೈಗಡ ನಿಂತಿತು. ಮದುವೆ ಮಾತುಕತೆಯಲ್ಲಿಯೂ ಮನೆತನದ ಮಾತು ಹಗುರಾಯಿತು.

ನೆರೆಯ ಮರಾಠಿಯ ‘ಪತ’ ಎಂಬ ಮಾತಿಗೂ ಇದೇ ಅರ್ಥ. ಉತ್ತರ ಕರ್ನಾಟಕದ ಸಣ್ಣ ಪೇಟೆಗಳಲ್ಲಿಯೂ ‘ಪತ್ತಿನ ಸಹಕಾರಿ ಸಂಘ’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ದಿನವೂ ಓದುವ ಆ ಬೋರ್ಡಿನಲ್ಲಿ ನೂರಾರು ವರ್ಷಗಳ ಒಂದು ಪ್ರಶ್ನೆ ಅಡಗಿದೆ. ಒಬ್ಬ ಮನುಷ್ಯನನ್ನು ಎಷ್ಟು ನಂಬಬಹುದು, ಆ ನಂಬಿಕೆಯನ್ನು ಅಳೆಯುವವರು ಯಾರು, ಒಮ್ಮೆ ಕಳೆದುಕೊಂಡವನು ಅದನ್ನು ಮತ್ತೆ ಗಳಿಸುವುದು ಹೇಗೆ ಎಂಬುದೇ ಆ ಪ್ರಶ್ನೆ.

ಇಂದು ಇದು ಕೇವಲ ಪಂಡಿತರ ಚರ್ಚೆಯಲ್ಲ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಅಂಥ ವರ್ಷದಲ್ಲಿ ಬೈಕಿನ ನಾಲ್ಕು ಕಂತು ತಪ್ಪಿಸಿದ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. ಮುಂದಿನ ವರ್ಷ ಬೆಳೆ ಬಂತು, ಬಾಕಿ ತೀರಿತು. ಊರಿನವರು ಅದನ್ನು ಮರೆತರು. ಆದರೆ ಎಂದೂ ಕಾಣದ ಒಂದು ಕಂಪ್ಯೂಟರ್ ಮರೆಯಲಿಲ್ಲ. ಮನೆ ಸಾಲಕ್ಕೋ ತಂಗಿಯ ಓದಿನ ಸಾಲಕ್ಕೋ ಹೋದಾಗ ಬ್ಯಾಂಕಿನವರು ಪ್ಯಾನ್ ಸಂಖ್ಯೆ ಒತ್ತಿ, ‘ಸ್ಕೋರ್ ಸಾಧಾರಣ ಇದೆ, ಇನ್ನಷ್ಟು ಸುಧಾರಿಸಿಕೊಂಡು ಬನ್ನಿ’ ಎನ್ನುತ್ತಾರೆ. ಸುಧಾರಿಸುವುದು ಹೇಗೆ ಎಂದರೆ, ‘ಒಂದು ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಿ’ ಎಂಬ ಸಲಹೆ ಬರುತ್ತದೆ. ಸಾಲದಿಂದ ಕೆಟ್ಟ ಹೆಸರನ್ನು ಸಾಲದಿಂದಲೇ ತೊಳೆಯಬೇಕೆಂಬುದು ವಿಚಿತ್ರವಾಗಿ ಕಾಣಬಹುದು. ಈ ನೆಲದ ಇತಿಹಾಸ ನೋಡಿದರೆ ಅದು ಅಷ್ಟು ವಿಚಿತ್ರವಲ್ಲ.

ನೂರಕ್ಕೆ ಎರಡು, ನೂರಕ್ಕೆ ಐದು

ಸಾಲದ ಕಾನೂನಿನ ಮಾತು ಬಂದರೆ ಕನ್ನಡ ನಾಡಿನ ಹೆಸರು ಮುಂಚೂಣಿಯಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಭಾರತದ ಬಹುಭಾಗದಲ್ಲಿ ಹಿಂದೂ ಕಾನೂನಿಗೆ ಆಧಾರವಾದ ಈ ಗ್ರಂಥದ ವ್ಯವಹಾರ ಭಾಗದಲ್ಲಿ ವಾದವಿಷಯಗಳ ಪಟ್ಟಿ ಆರಂಭವಾಗುವುದೇ ಋಣಾದಾನದಿಂದ, ಅಂದರೆ ಸಾಲ ವಸೂಲಿಯಿಂದ.

ಯಾಜ್ಞವಲ್ಕ್ಯ ಸ್ಮೃತಿಯ ಬಡ್ಡಿಯ ಲೆಕ್ಕ ಇಂದಿನ ಓದುಗನನ್ನು ಬೆಚ್ಚಿಬೀಳಿಸುತ್ತದೆ. ಅಡವು ಇಟ್ಟರೆ ತಿಂಗಳಿಗೆ ಅಸಲಿನ ಎಂಬತ್ತನೆಯ ಒಂದು ಪಾಲು, ಅಂದರೆ ನೂರಕ್ಕೆ ಒಂದೂಕಾಲು ಬಡ್ಡಿ. ಅಡವು ಇಲ್ಲದಿದ್ದರೆ ವರ್ಣದ ಕ್ರಮದಲ್ಲಿ ನೂರಕ್ಕೆ ಎರಡು, ಮೂರು, ನಾಲ್ಕು, ಐದು. ಎರಡು ಬ್ರಾಹ್ಮಣನಿಗೆ, ಐದು ಶೂದ್ರನಿಗೆ. ಕಾಡಿನ ದಾರಿಯಲ್ಲಿ ವ್ಯಾಪಾರಕ್ಕೆ ಹೋಗುವವನಿಗೆ ಹತ್ತು, ಸಮುದ್ರ ದಾಟುವವನಿಗೆ ಇಪ್ಪತ್ತು. ಕಾಡು ಮತ್ತು ಕಡಲಿನ ದರದಲ್ಲಿ ಅಪಾಯದ ಲೆಕ್ಕವಿದೆ. ಮೊದಲಿನ ನಾಲ್ಕು ದರಗಳಲ್ಲಿ ಇರುವುದು ಹುಟ್ಟಿನ ಲೆಕ್ಕ. ಮನುಷ್ಯ ಎಷ್ಟು ನಿಯತ್ತಿನಿಂದ ತೀರಿಸಿದರೂ ಆ ಅಂಕ ಬದಲಾಗುವಂತಿರಲಿಲ್ಲ. ಪತ್ತನ್ನು ಗಳಿಸುವ ದಾರಿಯೇ ಅಲ್ಲಿರಲಿಲ್ಲ.

ಅದೇ ಸ್ಮೃತಿಯಲ್ಲಿ ಸಾಲಗಾರನಿಗೆ ಒಂದು ರಕ್ಷಣೆಯೂ ಇತ್ತು. ಹಣದ ಸಾಲ ಬೆಳೆದು ಬೆಳೆದು ಎರಡು ಪಟ್ಟಿಗೆ ನಿಲ್ಲಬೇಕು, ಧಾನ್ಯದ ಸಾಲ ಮೂರು ಪಟ್ಟಿಗೆ, ಬಟ್ಟೆಯದು ನಾಲ್ಕು ಪಟ್ಟಿಗೆ. ಹಣದ ಸಾಲದ ಈ ನಿಯಮವೇ ಮುಂದೆ ‘ದಾಮದುಪ್ಪಟ್’ ಎಂದು ಹೆಸರಾಯಿತು. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದು ಎಂಬುದು ಇದರ ತಿರುಳು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಈ ನಿಯಮವನ್ನು ಮನ್ನಿಸುತ್ತಿದ್ದವು. 1956ರವರೆಗೆ ಮುಂಬಯಿ ಆಡಳಿತದಲ್ಲಿಯೇ ಇದ್ದ ಬಿಜಾಪುರ ಜಿಲ್ಲೆಯ ಸಾಲಗಾರರಿಗೂ ಇದು ಅಪರಿಚಿತವಾಗಿರಲಿಲ್ಲ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಕಾರ್ಡಿನ ಬಡ್ಡಿಯ ಮಾತು ಬಂದಾಗ ಮತ್ತೆ ಬೇಕಾಗುತ್ತದೆ.

ಬರ ಮತ್ತು ಸಾವಕಾರನ ಕಾಗದ

ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಸೀಮೆಯ ಎರೆಭೂಮಿಯ ಗುಣ ಎಲ್ಲರಿಗೂ ಗೊತ್ತು. ಮಳೆ ಬಂದರೆ ಬಂಗಾರ, ಕೈಕೊಟ್ಟರೆ ಬಿರುಕು. ಡೋಣಿ ನದಿಯ ದಂಡೆ ಬೆಳೆದರೆ ಓಣಿಗೆಲ್ಲ ಜೋಳ ಎಂಬ ಅರ್ಥದ ಗಾದೆ ಇಲ್ಲಿ ಚಾಲ್ತಿಯಲ್ಲಿದೆ. ಬೆಳೆಯದಿದ್ದರೆ ಏನು ಎಂಬುದನ್ನು ಗಾದೆ ಹೇಳದೆ ಬಿಟ್ಟಿದೆ. ಅದನ್ನು ಸರ್ಕಾರಿ ಲೆಕ್ಕ ಹೇಳುತ್ತದೆ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಆಗ ‘ಕಲಾದಗಿ ಜಿಲ್ಲೆ’ ಎನಿಸಿದ್ದ ಈ ಪ್ರದೇಶ ಮುಂಬಯಿ ಪ್ರಾಂತದಲ್ಲಿಯೇ ಅತಿ ಹೆಚ್ಚು ನಲುಗಿದವುಗಳಲ್ಲಿ ಒಂದು. 1872 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಕುಸಿಯಿತು.

ಹಿಂಗಾರಿ ಜೋಳ ಮನೆಗೆ ಬರುವುದು ಸಂಕ್ರಾಂತಿಯ ನಂತರ. ಅಲ್ಲಿಯವರೆಗೆ ಬೀಜ, ಎತ್ತು, ಕೂಲಿ, ಉಪ್ಪು, ಎಣ್ಣೆ, ಎಲ್ಲದಕ್ಕೂ ಉದರಿಯೇ ಗತಿ. ರೈತನ ಆದಾಯ ವರ್ಷಕ್ಕೊಮ್ಮೆ, ಖರ್ಚು ದಿನದಿನಕ್ಕೂ. ಈ ಎರಡರ ನಡುವಿನ ಸೇತುವೆಯೇ ಸಾವಕಾರ. ಅವನಿಲ್ಲದೆ ಬಿತ್ತನೆಯಿಲ್ಲ ಎಂಬುದೂ ನಿಜ, ಅವನಿಂದ ಎಷ್ಟೋ ಹೊಲ ಕೈತಪ್ಪಿತು ಎಂಬುದೂ ನಿಜ.

ಬ್ರಿಟಿಷರ ಕಾನೂನು ಈ ಸಂಬಂಧದ ಸಮತೋಲವನ್ನು ಕೆಡಿಸಿತು. 1859ರ ಕಾಲಮಿತಿ ಕಾಯಿದೆಯಂತೆ ಸಾಲಪತ್ರದ ಮೇಲೆ ಮೂರು ವರ್ಷದೊಳಗೆ ದಾವೆ ಹೂಡಬೇಕಾಯಿತು. ಹಳೆಯ ಸಾಲ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಬೆಳೆಯಬಾರದೆಂಬ ಒಳ್ಳೆಯ ಉದ್ದೇಶ ಅದಕ್ಕಿತ್ತು. ಆದರೆ ನಡೆದದ್ದೇ ಬೇರೆ. ಸಾವಕಾರರು ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಕಾಗದ ಬರೆಸಿಕೊಳ್ಳತೊಡಗಿದರು. ಓದು ಬಾರದ ರೈತ ಹೆಬ್ಬೆಟ್ಟು ಒತ್ತುತ್ತಿದ್ದ. ಕಿರ್ದಿ, ಖತಾವಣಿ ಎಲ್ಲವೂ ಸಾವಕಾರನ ಪೆಟ್ಟಿಗೆಯಲ್ಲಿ. ಕೊಟ್ಟದ್ದಕ್ಕೆ ರಸೀದಿಯಿಲ್ಲ, ಉಳಿದದ್ದಕ್ಕೆ ಲೆಕ್ಕವಿಲ್ಲ.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (1861-65) ಹತ್ತಿಯ ಬೆಲೆ ಏರಿ, ಆಮೇಲೆ ಕುಸಿದು ಬಿದ್ದಾಗ ದಖ್ಖನ್ನಿನ ರೈತರ ಮೇಲಿನ ಸಾಲದ ಹೊರೆ ತಾಳಲಾರದಷ್ಟಾಯಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ಗಲಭೆ ಹೊತ್ತಿಕೊಂಡು ಅಹ್ಮದ್‌ನಗರ ಜಿಲ್ಲೆಗೂ ಹಬ್ಬಿತು. ಆ ದಂಗೆಯಲ್ಲಿ ಜನರು ಎಲ್ಲಕ್ಕಿಂತ ಮುಖ್ಯವಾಗಿ ಹುಡುಕಿದ್ದು ಸಾವಕಾರರ ಕಾಗದಪತ್ರಗಳನ್ನು. ಸಾಲಪತ್ರಗಳನ್ನು ಕಸಿದು ಬೀದಿಯಲ್ಲಿ ಸುಟ್ಟರು. ತಮ್ಮ ಹಣೆಬರಹ ಆ ಪೆಟ್ಟಿಗೆಯಲ್ಲಿದೆ, ಅದನ್ನು ನೋಡುವ ಹಕ್ಕು ತಮಗಿಲ್ಲ ಎಂಬ ಸಿಟ್ಟು ಅದು.

ಸರ್ಕಾರಕ್ಕೆ ಇದರ ಅರ್ಥವಾಗದೆ ಇರಲಿಲ್ಲ. 1879ರಲ್ಲಿ ಬಂದ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಮೊದಲಿಗೆ ಪುಣೆ, ಸತಾರಾ, ಅಹ್ಮದ್‌ನಗರ ಮತ್ತು ಬಿಜಾಪುರದ ನೆರೆಯ ಸೊಲ್ಲಾಪುರ ಜಿಲ್ಲೆಗಳಿಗೆ ಅನ್ವಯವಾಯಿತು. ಅದರ ಹಲವು ಕಲಮುಗಳು ಮುಂದೆ ಪ್ರಾಂತದ ಇತರ ಭಾಗಗಳಿಗೂ ವಿಸ್ತರಿಸಿದವು. ಸಾಲಪತ್ರದಲ್ಲಿ ಏನೇ ಬರೆದಿರಲಿ, ವ್ಯವಹಾರದ ಮೂಲದವರೆಗೆ ಹೋಗಿ ಲೆಕ್ಕ ಕೆದಕುವ ಅಧಿಕಾರ ನ್ಯಾಯಾಧೀಶರಿಗೆ ಸಿಕ್ಕಿತು. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವುದು ನಿಂತಿತು. ಅವನು ಕೇಳಿದರೆ ರಸೀದಿ ಕೊಡಬೇಕು, ಲೆಕ್ಕದ ವಿವರ ಕೊಡಬೇಕು ಎಂಬ ನಿಯಮವೂ ಬಂತು. ಸಾಲಗಾರನಿಗೆ ತನ್ನ ಲೆಕ್ಕವನ್ನು ತಾನು ನೋಡುವ ಹಕ್ಕು ಕಾನೂನಿನಲ್ಲಿ ಕಾಣಿಸಿಕೊಂಡದ್ದು ಹೀಗೆ.

ಕಣಗಿನಹಾಳದ ಪಾಠ

ಲೆಕ್ಕ ನೋಡುವ ಹಕ್ಕು ಸಿಕ್ಕರೆ ಸಾಲ ಸಿಕ್ಕಂತಾಗಲಿಲ್ಲ. ಆಸ್ತಿಯಿಲ್ಲದವನಿಗೆ, ಒಮ್ಮೆ ಬಾಕಿ ಉಳಿಸಿಕೊಂಡವನಿಗೆ ಯಾರು ಕೊಡುತ್ತಾರೆ? ಇದಕ್ಕೆ ಉತ್ತರ ಜರ್ಮನಿಯಿಂದ ಬಂತು. ಅಲ್ಲಿನ ಫ್ರೆಡರಿಕ್ ವಿಲ್ಹೆಲ್ಮ್ ರೈಫೈಸೆನ್ ಎಂಬ ಗ್ರಾಮಾಡಳಿತದ ಅಧ್ಯಕ್ಷ 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ರೈತರ ಸಾಲದ ಸಂಘವೊಂದನ್ನು ಕಟ್ಟಿದ್ದರು. ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ 1890ರ ದಶಕದಲ್ಲಿ ಯುರೋಪಿನ ಇಂಥ ಸಂಘಗಳನ್ನು ಅಧ್ಯಯನ ಮಾಡಿ ವರದಿ ಕೊಟ್ಟರು. ಭಾರತದ ಹಳ್ಳಿಗಳಿಗೂ ಒಬ್ಬ ರೈಫೈಸೆನ್ ಬೇಕು ಎಂಬುದು ಆ ದೊಡ್ಡ ವರದಿಯ ಸಾರಾಂಶ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂತು.

ಮರುವರ್ಷವೇ, 1905ರ ಮೇ 8ರಂದು, ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವೊಂದು ನೋಂದಣಿಯಾಯಿತು. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂಬ ಹೆಸರು ಅದಕ್ಕೆ ಬಂದಿದೆ. ಅದನ್ನು ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರನ್ನು ನಾಡು ಸಹಕಾರಿ ಪಿತಾಮಹ ಎಂದು ಇಂದಿಗೂ ನೆನೆಯುತ್ತದೆ.

ಆ ಸಂಘಗಳ ತಂತ್ರ ಸರಳ. ಒಂದೇ ಊರಿನ ಹತ್ತು ಜನ ಸೇರಿದರೆ ಸಂಘ. ಗ್ರಾಮೀಣ ಸಂಘದಲ್ಲಿ ಹೊಣೆ ಅಪರಿಮಿತ. ಅಂದರೆ ಒಬ್ಬ ಮುಳುಗಿಸಿದರೆ ಉಳಿದವರೆಲ್ಲರೂ ಕೈಯಿಂದ ಕಟ್ಟಬೇಕು. ಆದ್ದರಿಂದ ಯಾರಿಗೆ ಎಷ್ಟು ಕೊಡಬೇಕೆಂದು ನಿರ್ಧರಿಸುವವರು ಅಕ್ಕಪಕ್ಕದ ಹೊಲದವರೇ. ಯಾರು ಕುಡಿಯುತ್ತಾರೆ, ಯಾರು ಹೊಲಕ್ಕೆ ಗೊಬ್ಬರ ಹಾಕುತ್ತಾರೆ, ಯಾರದು ಬರದಿಂದಾದ ಬಾಕಿ, ಯಾರದು ಬೇಜವಾಬ್ದಾರಿಯ ಬಾಕಿ ಎಂಬುದೆಲ್ಲ ಅವರಿಗೆ ಗೊತ್ತು. ಮೊದಲು ಸಣ್ಣ ಸಾಲ, ಸುಗ್ಗಿಗೆ ಸರಿಯಾಗಿ ಕಟ್ಟಿದರೆ ಮುಂದಿನ ಸಲ ಸ್ವಲ್ಪ ದೊಡ್ಡದು. ಹುಟ್ಟಿನಿಂದ ನಿಗದಿಯಾಗುತ್ತಿದ್ದ ಪತ್ತು ಹೀಗೆ ನಡತೆಯಿಂದ ಗಳಿಸುವ ವಸ್ತುವಾಗತೊಡಗಿತು. ಬಿದ್ದವನು ಏಳುವುದಕ್ಕೆ ಒಂದು ಮೆಟ್ಟಿಲು ಸಿಕ್ಕಿತು.

ಕರಾವಳಿಯಲ್ಲಿ ಇದೇ ವಿಚಾರ ಬೇರೆ ರೂಪ ತಾಳಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟ್ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದ. ಸಣ್ಣ ಮೊತ್ತವನ್ನು ತಪ್ಪದೆ ಕಟ್ಟುವುದೇ ನಂಬಿಕೆಗೆ ಸಾಕ್ಷಿ ಎಂಬ ಪಾಠ ಅದರಲ್ಲಿಯೂ ಇತ್ತು.

ಹಾಗೆಂದು ಎಲ್ಲವೂ ಚೆನ್ನಾಗಿ ನಡೆಯಿತೆಂದಲ್ಲ. ರಿಸರ್ವ್ ಬ್ಯಾಂಕ್ 1951-52ರಲ್ಲಿ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯಲ್ಲಿ ರೈತರ ಸಾಲದ ಪೈಕಿ ಸಹಕಾರಿ ಸಂಘಗಳ ಪಾಲು ಶೇ 3.1 ಮಾತ್ರ, ವಾಣಿಜ್ಯ ಬ್ಯಾಂಕುಗಳದು ಶೇ 0.9. ಸುಮಾರು ಶೇ 70ರಷ್ಟು ಸಾಲ ಲೇವಾದೇವಿಗಾರರದೇ ಆಗಿತ್ತು. ಸಂಘಗಳಲ್ಲಿ ಊರ ಪ್ರಮುಖರ ಮಾತೇ ನಡೆದಾಗ ಬಡವನ ಪತ್ತು ಮತ್ತೆ ಅವರ ಮರ್ಜಿಗೆ ಬಿದ್ದದ್ದೂ ಉಂಟು. 1976ರಲ್ಲಿ ದೇವರಾಜ ಅರಸು ಸರ್ಕಾರದ ಋಣ ಪರಿಹಾರ ಕಾಯಿದೆ, 2004ರ ದುಬಾರಿ ಬಡ್ಡಿ ನಿಷೇಧ ಕಾಯಿದೆ, 2025ರಲ್ಲಿ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಬಂದ ಕಾಯಿದೆ, ಇವೆಲ್ಲ ಒಂದೇ ಗಾಯಕ್ಕೆ ಬೇರೆ ಬೇರೆ ಕಾಲದಲ್ಲಿ ಹಚ್ಚಿದ ಮದ್ದು.

ಪುಸ್ತಕದಿಂದ ಕಂಪ್ಯೂಟರಿಗೆ

ಊರಿನೊಳಗೆ ಪರಸ್ಪರ ಬಲ್ಲವರ ನಡುವೆ ಪತ್ತು ಸುಲಭ. ಅಪರಿಚಿತರ ನಡುವೆ? ಈ ತೊಂದರೆ ಮೊದಲು ದೊಡ್ಡದಾಗಿ ಕಾಡಿದ್ದು ಅಮೆರಿಕದಲ್ಲಿ. 1837ರ ಆರ್ಥಿಕ ಕುಸಿತದಲ್ಲಿ ಕೈಸುಟ್ಟುಕೊಂಡ ನ್ಯೂಯಾರ್ಕಿನ ರೇಷ್ಮೆ ವ್ಯಾಪಾರಿ ಲೂಯಿಸ್ ಟಪ್ಪನ್ 1841ರಲ್ಲಿ ಮರ್ಕೆಂಟೈಲ್ ಏಜೆನ್ಸಿ ಎಂಬ ಕಚೇರಿ ತೆರೆದರು. ಊರೂರಿನ ವಕೀಲರು ಮತ್ತಿತರರು ವರ್ತಕರ ಬಗ್ಗೆ ಬರೆದು ಕಳಿಸುತ್ತಿದ್ದರು. ಆಸ್ತಿಯ ಜೊತೆಗೆ ನಡತೆ, ಚಟಗಳ ಮಾತೂ ದಪ್ಪ ಪುಸ್ತಕಗಳಿಗೆ ಏರುತ್ತಿತ್ತು. ಚಂದಾ ಕೊಟ್ಟವರಿಗೆ ಮಾತ್ರ ಅದರ ಮಾಹಿತಿ. ಯಾರ ಬಗ್ಗೆ ಬರೆದಿದೆಯೋ ಆತನಿಗೆ ಅದು ಗುಟ್ಟು. ಗ್ರಾಹಕರಿಗೆ ತಮ್ಮ ಸಾಲದ ದಾಖಲೆ ನೋಡುವ ಹಕ್ಕನ್ನು ಅಮೆರಿಕದ ಕಾನೂನು ಕೊಟ್ಟದ್ದು 1970ರಲ್ಲಿ. ರಸೀದಿ ಮತ್ತು ಲೆಕ್ಕದ ಮಟ್ಟಿಗೆ ದಖ್ಖನ್ನಿನ ರೈತರ ಕಾಯಿದೆ ಅದಕ್ಕಿಂತ 91 ವರ್ಷ ಹಳೆಯದು.

ಇತ್ತ ಪ್ಲಾಸ್ಟಿಕ್ ಕಾರ್ಡಿನ ಕಥೆಯೂ ಬೆಳೆಯುತ್ತಿತ್ತು. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಕಾರ್ಡ್ ಹುಟ್ಟಿತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಪಟ್ಟಣದ ಸುಮಾರು 60,000 ಜನರಿಗೆ ಕೇಳದೆಯೇ ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿತು. ಭಾರತದ ಬ್ಯಾಂಕುಗಳು ಕಾರ್ಡ್ ಕೊಡತೊಡಗಿದ್ದು 1980ರ ದಶಕದಲ್ಲಿ. ನಾಲತವಾಡದಂಥ ಊರುಗಳಿಗೆ ‘ಕ್ರೆಡಿಟ್ ಕಾರ್ಡ್’ ಎಂಬ ಮಾತು ಬಂದದ್ದು ಮಾತ್ರ ನಗರದ ಹೋಟೆಲಿನಿಂದಲ್ಲ, ಹೊಲದಿಂದ. 1998ರಲ್ಲಿ ಆರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡೇ ಎಷ್ಟೋ ರೈತರು ಕಂಡ ಮೊದಲ ಕ್ರೆಡಿಟ್ ಕಾರ್ಡು.

ಭಾರತದಲ್ಲಿ ಸಾಲಗಾರರ ಸಾಮಾನ್ಯ ಖತಾವಣಿ ತೆರೆದದ್ದು 2000ದಲ್ಲಿ. ಆ ವರ್ಷ ಸಿಬಿಲ್ ಸಂಸ್ಥೆ ಸ್ಥಾಪನೆಯಾಯಿತು. 2005ರಲ್ಲಿ ಸಾಲ ಮಾಹಿತಿ ಕಂಪನಿಗಳ ಕಾಯಿದೆ ಬಂತು. ಇಂದು ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಈ ಕೆಲಸ ಮಾಡುತ್ತಿವೆ. ಅಂಕ 300ರಿಂದ 900ರವರೆಗೆ. 750 ದಾಟಿದರೆ ಸಾಲ ಕೊಡುವವರ ಮುಖ ಅರಳುತ್ತದೆ. ಅದಕ್ಕಿಂತ ನೂರು ಅಂಕ ಕೆಳಗಿದ್ದರೆ ‘ಸಾಧಾರಣ’ ಎಂಬ ಹಣೆಪಟ್ಟಿ. ಕಂತುಗಳನ್ನು ಕಾಲಕ್ಕೆ ಕಟ್ಟಿದ ದಾಖಲೆ, ಕೊಟ್ಟ ಮಿತಿಯಲ್ಲಿ ಎಷ್ಟು ಬಳಸಿದ್ದೀರಿ ಎಂಬುದು, ಸಾಲದ ಖಾತೆಗಳ ವಯಸ್ಸು, ಇತ್ತೀಚೆಗೆ ಎಷ್ಟು ಕಡೆ ಅರ್ಜಿ ಹಾಕಿದ್ದೀರಿ ಎಂಬುದು, ಇವು ಅಂಕದ ಮುಖ್ಯ ಆಧಾರಗಳು. ಜಾತಿಯಾಗಲೀ ಮನೆತನವಾಗಲೀ ಈ ಲೆಕ್ಕದಲ್ಲಿಲ್ಲ. ಸ್ಮೃತಿಯ ಕಾಲದಿಂದ ಇಲ್ಲಿಗೆ ನಾವು ನಡೆದ ದೂರ ಸಣ್ಣದಲ್ಲ.

ಆದರೆ ಕಳೆದುಕೊಂಡದ್ದೂ ಇದೆ. ಮೂವತ್ತು ವರ್ಷ ಕಿರಾಣಿ ಅಂಗಡಿಯ ಉದರಿಯನ್ನು ಒಂದು ದಿನವೂ ತಪ್ಪಿಸದೆ ತೀರಿಸಿದ ತಾಯಿಯ ಹೆಸರು ಆ ಕಂಪ್ಯೂಟರಿನಲ್ಲಿಲ್ಲ. ಬ್ಯಾಂಕುಗಳೂ ನೋಂದಾಯಿತ ಹಣಕಾಸು ಕಂಪನಿಗಳೂ ಕಳಿಸಿದ ಮಾಹಿತಿಯಷ್ಟೇ ಅದಕ್ಕೆ ಗೊತ್ತು. ಬರದಿಂದಾದ ಬಾಕಿಗೂ ಬೇಜವಾಬ್ದಾರಿಯ ಬಾಕಿಗೂ ಇರುವ ವ್ಯತ್ಯಾಸ ಕಣಗಿನಹಾಳದ ಪಂಚರಿಗೆ ತಿಳಿಯುತ್ತಿತ್ತು. ಕಂಪ್ಯೂಟರಿಗೆ ತಿಳಿಯುವುದು ಎಷ್ಟು ದಿನ ತಡವಾಯಿತು ಎಂಬುದು ಮಾತ್ರ. ಇನ್ನೊಬ್ಬರ ಸಾಲಕ್ಕೆ ಜಾಮೀನು ಹಾಕಿದ್ದರೆ ಅದೂ ನಿಮ್ಮ ವರದಿಗೆ ಬರುತ್ತದೆ. ನೆಂಟನ ತಪ್ಪಿಗೆ ನಿಮ್ಮ ಅಂಕ ಇಳಿಯಬಹುದು.

ಯಾವ ಕಾರ್ಡು ತೆಗೆದುಕೊಳ್ಳಬೇಕು?

ಪತ್ತು ತಿದ್ದಿಕೊಳ್ಳಹೊರಟವನ ಮೊದಲ ಕೆಲಸ ಕಾರ್ಡ್ ಹುಡುಕುವುದಲ್ಲ, ಲೆಕ್ಕ ತರಿಸಿ ನೋಡುವುದು. 1875ರ ರೈತ ಯಾವುದಕ್ಕಾಗಿ ದಂಗೆಯೆದ್ದನೋ ಅದು ಇಂದು ಪುಕ್ಕಟೆ ಸಿಗುತ್ತದೆ. ರಿಸರ್ವ್ ಬ್ಯಾಂಕಿನ ಆದೇಶದಂತೆ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ ತೀರಿದ ಸಾಲ ಇನ್ನೂ ಬಾಕಿ ಎಂದಿದ್ದರೆ, ನಿಮ್ಮದಲ್ಲದ ಸಾಲ ಸೇರಿಕೊಂಡಿದ್ದರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಳೆಯ ಸಾಲವನ್ನು ರಿಯಾಯಿತಿಯಲ್ಲಿ ಒಂದೇ ಕಂತಿಗೆ ಚುಕ್ತಾ ಮಾಡಿದ್ದರೆ ವರದಿಯಲ್ಲಿ ‘ಸೆಟಲ್ಡ್’ ಎಂದಿರುತ್ತದೆ. ಅದು ಪೂರ್ಣ ತೀರುವಳಿಯ ‘ಕ್ಲೋಸ್ಡ್’ಗೆ ಸಮವಲ್ಲ.

ಎರಡನೆಯದಾಗಿ, ನಿಮ್ಮ ಆದಾಯದ ಗಡಿಯಾರ ಯಾವುದೆಂದು ಕೇಳಿಕೊಳ್ಳಿ. ಕ್ರೆಡಿಟ್ ಕಾರ್ಡಿನ ಗಡಿಯಾರ ತಿಂಗಳಿನದು. ಬಿಲ್ಲು ಪ್ರತಿ ತಿಂಗಳೂ ಬರುತ್ತದೆ, ಜೋಳ ವರ್ಷಕ್ಕೊಮ್ಮೆ ಬರುತ್ತದೆ. ಬರೀ ಒಕ್ಕಲುತನವನ್ನೇ ನಂಬಿದವರಿಗೆ ಬೀಜ ಗೊಬ್ಬರದ ಖರ್ಚಿಗೆ ಕಿಸಾನ್ ಕ್ರೆಡಿಟ್ ಕಾರ್ಡೇ ಸರಿ. ಅದರ ಮಿತಿ ಬೆಳೆಯನ್ನು ನೋಡಿ ನಿಗದಿಯಾಗುತ್ತದೆ, ಮರುಪಾವತಿ ಸುಗ್ಗಿಯನ್ನು ನೋಡಿ ನಿಗದಿಯಾಗುತ್ತದೆ. ಕೇಂದ್ರದ ಯೋಜನೆಯಲ್ಲಿ ಶೇ 7ರ ಬಡ್ಡಿ ಕಾಲಕ್ಕೆ ಕಟ್ಟಿದವರಿಗೆ ಶೇ 4ಕ್ಕೆ ಇಳಿಯುತ್ತದೆ. ರಾಜ್ಯದ ಸಹಕಾರಿ ಸಂಘಗಳ ಅಲ್ಪಾವಧಿ ಬೆಳೆ ಸಾಲಕ್ಕೆ ಶೂನ್ಯ ಬಡ್ಡಿ. ಅದರ ಮಿತಿಯನ್ನು 2023ರ ಬಜೆಟ್‌ನಲ್ಲಿ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ತಿಂಗಳ ಸಂಬಳ, ಹಾಲಿನ ಡೇರಿಯ ಬಟವಾಡೆ, ಅಂಗಡಿಯ ಗಲ್ಲಾ, ಹೀಗೆ ಕೈಗೆ ಆಗಾಗ ಹಣ ಬರುವವರು ಮಾತ್ರ ಸಾಮಾನ್ಯ ಕ್ರೆಡಿಟ್ ಕಾರ್ಡಿನ ಯೋಚನೆ ಮಾಡಬೇಕು.

ಅಂಥವರಿಗೆ ಇರುವ ದಾರಿ ಠೇವಣಿಯ ಮೇಲಿನ ಕಾರ್ಡು. ಬ್ಯಾಂಕಿನಲ್ಲಿ 15 ಅಥವಾ 20 ಸಾವಿರ ರೂಪಾಯಿ ನಿಶ್ಚಿತ ಠೇವಣಿ ಇಟ್ಟರೆ ಅದರ ಬಹುಪಾಲಿನಷ್ಟು ಮಿತಿಯ ಕಾರ್ಡನ್ನು ಹಲವು ಬ್ಯಾಂಕುಗಳು ಕೊಡುತ್ತವೆ. ಸ್ಕೋರ್ ಸಾಧಾರಣವಿದ್ದರೂ ಇದು ಸಿಗುವ ಸಂಭವ ಹೆಚ್ಚು, ಏಕೆಂದರೆ ನೀವು ಕಟ್ಟದಿದ್ದರೆ ಬ್ಯಾಂಕು ಠೇವಣಿಯಿಂದ ಮುರಿದುಕೊಳ್ಳುತ್ತದೆ. ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. ಅಡವು ಇಟ್ಟವನಿಗೆ ಸುಲಭ ದರ ಎಂಬ ಯಾಜ್ಞವಲ್ಕ್ಯನ ಲೆಕ್ಕ, ಸಣ್ಣದನ್ನು ತಪ್ಪದೆ ಕಟ್ಟು ಎಂಬ ಪಿಗ್ಮಿಯ ಪಾಠ, ಮೊದಲು ಸಣ್ಣ ಸಾಲ ಎಂಬ ಕಣಗಿನಹಾಳದ ಮೆಟ್ಟಿಲು, ಮೂರೂ ಈ ಒಂದು ಕಾರ್ಡಿನಲ್ಲಿ ಸೇರಿವೆ.

ಆರಿಸುವಾಗ ಬಹುಮಾನದ ಅಂಕ, ಸಿನಿಮಾ ಟಿಕೆಟ್, ವಿಮಾನ ನಿಲ್ದಾಣದ ವಿಶ್ರಾಂತಿ ಕೊಠಡಿಯ ಆಸೆಗೆ ಬೀಳಬೇಡಿ. ವಾರ್ಷಿಕ ಶುಲ್ಕ ಇಲ್ಲದ್ದು, ಬಡ್ಡಿ ಕಡಿಮೆಯಿರುವುದು, ಶಾಖೆ ಹತ್ತಿರವಿರುವ ಬ್ಯಾಂಕಿನದು ಸಾಕು. ಸಾಲ ಮಾಹಿತಿ ಸಂಸ್ಥೆಗಳಿಗೆ ವರದಿ ಹೋಗುತ್ತದೆಯೇ ಎಂದು ಕೇಳಿ. ವರದಿಯೇ ಹೋಗದಿದ್ದರೆ ಅಂಕ ಏರುವುದೂ ಇಲ್ಲ. ಒಂದೇ ಕಡೆ ಅರ್ಜಿ ಹಾಕಿ. ನಾಲ್ಕು ಬ್ಯಾಂಕಿನ ಬಾಗಿಲು ಒಟ್ಟಿಗೆ ತಟ್ಟಿದರೆ, ಈತ ಇಕ್ಕಟ್ಟಿನಲ್ಲಿದ್ದಾನೆ ಎಂದು ಕಂಪ್ಯೂಟರ್ ಭಾವಿಸುತ್ತದೆ. ಫ್ರೆಸ್ನೊದಲ್ಲಿ ಮಾಡಿದಂತೆ ಕೇಳದೆ ಕಾರ್ಡ್ ಕಳಿಸುವುದನ್ನು ರಿಸರ್ವ್ ಬ್ಯಾಂಕ್ ನಿಷೇಧಿಸಿದೆ. ಬೇಡವಾದ ಕಾರ್ಡನ್ನು ಮುಚ್ಚಲು ಬರೆದುಕೊಟ್ಟರೆ, ಬಾಕಿಯೆಲ್ಲ ತೀರಿದ್ದ ಪಕ್ಷದಲ್ಲಿ, 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡಮಾಡಿದರೆ ಬ್ಯಾಂಕೇ ದಿನಕ್ಕೆ 500 ರೂಪಾಯಿ ದಂಡ ತೆರಬೇಕು.

ಬಳಸುವಾಗ ಮಿತಿಯ ಮೂರರಲ್ಲಿ ಒಂದು ಪಾಲನ್ನು ಮೀರದಿರುವುದು ಒಳ್ಳೆಯದು. 15,000 ರೂಪಾಯಿ ಮಿತಿಯಿದ್ದರೆ 4-5 ಸಾವಿರದ ಕಿರಾಣಿ, ಗ್ಯಾಸು, ಮೊಬೈಲ್ ಬಿಲ್ಲು ಅಷ್ಟೇ. ಎಟಿಎಮ್‌ನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯಬೇಡಿ, ಅದಕ್ಕೆ ಶುಲ್ಕವೂ ಉಂಟು, ಅಂದಿನಿಂದಲೇ ಬಡ್ಡಿಯೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಗಡುವಿನೊಳಗೆ ಪೂರ್ತಿ ಬಿಲ್ಲು ಕಟ್ಟಿ. ಹಾಗೆ ಕಟ್ಟಿದವನಿಗೆ ಕಾರ್ಡು ಒಂದೂವರೆ ತಿಂಗಳವರೆಗಿನ ಬಡ್ಡಿಯಿಲ್ಲದ ಉದರಿ.

ಪೂರ್ತಿ ಕಟ್ಟದವನ ಪಾಡು ಬೇರೆ. ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂಬ ಸಣ್ಣ ಅಂಕಿಯೊಂದು ಇರುತ್ತದೆ. 10,000 ರೂಪಾಯಿ ಬಾಕಿಗೆ ಕನಿಷ್ಠ 500 ಕಟ್ಟಿದರೆ ಸಾಕು ಎಂದಿದೆ ಎಂದುಕೊಳ್ಳಿ. ಬಡ್ಡಿ ತಿಂಗಳಿಗೆ ಶೇ 3.5 ಆದರೆ 350 ರೂಪಾಯಿ. ಅದರ ಮೇಲೆ ಶೇ 18ರ ಜಿಎಸ್‌ಟಿ 63 ರೂಪಾಯಿ. ನೀವು ಕಟ್ಟಿದ 500ರಲ್ಲಿ ಅಸಲಿಗೆ ಸೇರಿದ್ದು 87 ರೂಪಾಯಿ ಮಾತ್ರ! ಬ್ಯಾಂಕಿನ ಕರಪತ್ರದಲ್ಲಿ ಶೇ 3.5 ಎಂಬುದು ಸಣ್ಣದಾಗಿ ಕಾಣುತ್ತದೆ. ನಾಲತವಾಡದ ರೈತನಿಗೆ ಅದನ್ನು ‘ನೂರಕ್ಕೆ ಮೂರೂವರೆ ಬಡ್ಡಿ’ ಎಂದು ಹೇಳಿ ನೋಡಿ, ಕೂಡಲೇ ಹೌಹಾರುತ್ತಾನೆ. ವರ್ಷಕ್ಕೆ ಶೇ 42 ಆಯಿತು. ಅಡವಿಲ್ಲದ ಸಾಲಕ್ಕೆ ಸ್ಮೃತಿ ಕ್ಷತ್ರಿಯನಿಗೆ ಮೂರು, ವೈಶ್ಯನಿಗೆ ನಾಲ್ಕು ಹಾಕಿತ್ತಲ್ಲ, ಅವೆರಡರ ನಡುವಿನ ದರ ಇದು.

ದಾಮದುಪ್ಪಟ್‌ನಂಥ ಮಿತಿ ಇದಕ್ಕಿಲ್ಲವೇ ಎಂಬ ಪ್ರಶ್ನೆ ಸಹಜ. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ 30 ಮೀರಿ ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಬಡ್ಡಿ ಎಷ್ಟಿರಬೇಕೆಂಬುದು ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕಿಗೂ ಬಿಟ್ಟ ವಿಚಾರವೆಂಬುದು ಅದರ ನಿಲುವು. ಆದ್ದರಿಂದ ಇಂದು ಸಾಲಗಾರನ ಕೈಯಲ್ಲಿರುವ ಗಟ್ಟಿ ರಕ್ಷಣೆ ಒಂದೇ. ಬಡ್ಡಿ ಹುಟ್ಟುವ ಮೊದಲೇ ಬಾಕಿ ತೀರಿಸುವುದು.

ಸುಗ್ಗಿಯಷ್ಟು ತಾಳ್ಮೆ

ಹೀಗೆ ಮಾಡಿದರೆ ಎಷ್ಟು ದಿನಕ್ಕೆ ಪತ್ತು ಮರಳುತ್ತದೆ? ವಾರದಲ್ಲಿ ಸ್ಕೋರ್ ಏರಿಸಿಕೊಡುತ್ತೇವೆ ಎಂದು ಹಣ ಕೇಳುವವರನ್ನು ನಂಬಬೇಡಿ. ನಿಜವಾದ ದಾಖಲೆಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ, ತಪ್ಪು ದಾಖಲೆಯನ್ನು ತಿದ್ದಿಸಲು ಅವರು ಬೇಕಾಗಿಲ್ಲ. ವರದಿಯಲ್ಲಿ ಪ್ರತಿ ತಿಂಗಳಿಗೂ ಒಂದು ಮನೆ ಇರುತ್ತದೆ, ಮೂರು ವರ್ಷದ ಮೂವತ್ತಾರು ಮನೆಗಳು. ಕಾಲಕ್ಕೆ ಕಟ್ಟಿದ ತಿಂಗಳಿಗೆ ಸೊನ್ನೆ, ತಡವಾದರೆ ಎಷ್ಟು ದಿನವೋ ಅಷ್ಟು. ಸೊನ್ನೆಗಳು ಸಾಲಾಗಿ ನಿಂತಂತೆ ಹಳೆಯ ಕಪ್ಪು ಮನೆಗಳು ಹಿಂದೆ ಸರಿಯುತ್ತವೆ. ಒಂದೆರಡು ಸುಗ್ಗಿಯಷ್ಟು ತಾಳ್ಮೆ ಬೇಕು.

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತದೆ ಗಾದೆ. ಪತ್ತಿನ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಹುಟ್ಟಿನಿಂದಲೇ ಬಡ್ಡಿಯ ದರ ಹಣೆಯ ಮೇಲೆ ಬರೆದಿದ್ದ ಕಾಲವೊಂದಿತ್ತು. ತನ್ನ ಲೆಕ್ಕ ನೋಡಲಾಗದೆ ಜನ ಕಾಗದಗಳಿಗೆ ಬೆಂಕಿಯಿಟ್ಟ ಕಾಲವೂ ಇತ್ತು. ಇಂದು ಲೆಕ್ಕ ನೋಡಬಹುದು, ತಿದ್ದಿಸಬಹುದು, ಹೊಸದಾಗಿ ಬರೆಯಬಹುದು. ಬರದ ವರ್ಷವನ್ನು ಕ್ಷಮಿಸುವ ಕಣ್ಣು ಆ ಕಂಪ್ಯೂಟರಿಗೆ ಇನ್ನೂ ಬಂದಿಲ್ಲ ಎಂಬ ಕೊರತೆ ಮಾತ್ರ ಉಳಿದಿದೆ. ಕಣಗಿನಹಾಳದ ಪಂಚರಿಗೆ ಇದ್ದ ಆ ಕಣ್ಣನ್ನು ಅದಕ್ಕೆ ಕೊಡಿಸುವುದು ಸಾಲಗಾರನೊಬ್ಬನ ಕೈಯಲ್ಲಿಲ್ಲ. ಅದು ಸರ್ಕಾರ ಮತ್ತು ರಿಸರ್ವ್ ಬ್ಯಾಂಕ್ ಯೋಚಿಸಬೇಕಾದ ಮಾತು. ಅಲ್ಲಿಯವರೆಗೆ ಸಣ್ಣ ಮಿತಿಯ ಕಾರ್ಡು, ತಪ್ಪದ ತಾರೀಖು, ಪೂರ್ತಿ ಪಾವತಿ. ಅಜ್ಜಂದಿರು ಸಂಘದ ಬಾಗಿಲಲ್ಲಿ ಕಲಿತದ್ದೂ ಇದನ್ನೇ.